ಬಾಂಡ್ಲಿಯಲ್ಲಿ ಗ್ರಾನೋಲ: ರಾಗಿ ಅರಳು, ಬೆಲ್ಲದ ಪಾಕ ಮತ್ತು ನೀರಿನ ಲೆಕ್ಕ

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಬೆಳಗಿನ ತಿಂಡಿಗಳ ಸಾಲಿನಲ್ಲಿ ‘ಗ್ರಾನೋಲ’ ಎಂಬ ಹೆಸರಿನ ಪೊಟ್ಟಣಗಳು ಕಾಣಸಿಗುತ್ತವೆ. ಹುರಿದ ಓಟ್ಸ್, ಬಾದಾಮಿ, ಬೀಜಗಳು, ಜೇನು ಇವೆಲ್ಲ ಸೇರಿ ಗರಿಗರಿಯಾದ ಸಣ್ಣ ಸಣ್ಣ ಉಂಡೆಗಳಾಗಿರುವ ಈ ತಿನಿಸನ್ನು ಹಾಲಿಗೋ ಮೊಸರಿಗೋ ಹಾಕಿಕೊಂಡು ತಿನ್ನುತ್ತಾರೆ. ಬೇಯಿಸುವ ಕೆಲಸವಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಆದರೆ ಬೆಲೆ ಮಾತ್ರ ದುಬಾರಿ.

ಅಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದ ಕೋಲಾರದಲ್ಲಿ ರಾಗಿ ಬೆಳೆಯುತ್ತದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲೂ ರಾಗಿಯೇ ಮುಖ್ಯ ಧಾನ್ಯ. ಅದರ ಜೊತೆಗೆ ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ಉಂಟು. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳುಂಟು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತಲೇ ಇರುವ ಈ ಜಿಲ್ಲೆಗೆ ಮಳೆಯ ನೀರಿನಲ್ಲೇ ಬೆಳೆಯಬಲ್ಲ ರಾಗಿ ಹೇಳಿ ಮಾಡಿಸಿದ ಬೆಳೆ. ಆದರೂ ಹಲವು ಮನೆಗಳಲ್ಲಿ ರಾಗಿ ಎಂದರೆ ರಾತ್ರಿಯ ಮುದ್ದೆ ಅಷ್ಟೆ. ಬೆಳಿಗ್ಗೆ ಶಾಲೆಗೆ ಓಡುವ ಮಕ್ಕಳ ಕೈಗೆ ಸಿಗುವುದು ಟೀ ಮತ್ತು ಬಿಸ್ಕತ್ತು.

ಗ್ರಾನೋಲವನ್ನು ನಮ್ಮ ರಾಗಿ, ಕಡಲೆಕಾಯಿ ಬೀಜ, ಬೆಲ್ಲಗಳಿಂದಲೇ ಮಾಡಲು ಸಾಧ್ಯವೇ? ಸಾಧ್ಯ. ಓವನ್ ಕೂಡ ಬೇಕಿಲ್ಲ, ಒಂದು ದಪ್ಪ ತಳದ ಬಾಂಡ್ಲಿ ಸಾಕು. ಆದರೆ ಅದು ಗರಿಗರಿಯಾಗಿ ಬರುವುದು, ಕೆಡದೆ ಉಳಿಯುವುದು ಎರಡೂ ಒಂದೇ ಸಂಗತಿಯನ್ನು ಅವಲಂಬಿಸಿವೆ. ಅದು ನೀರು. ಎಲ್ಲಿ ಎಷ್ಟು ನೀರಿರಬೇಕು, ಯಾವಾಗ ಅದು ಹೊರಹೋಗಬೇಕು ಎಂಬುದನ್ನು ತಿಳಿದರೆ ಅಡುಗೆಯೂ ಕೈಗೆ ಹತ್ತುತ್ತದೆ, ತರಗತಿಗೆ ಒಳ್ಳೆಯದೊಂದು ಭೌತ-ರಸಾಯನ ಪಾಠವೂ ಸಿಗುತ್ತದೆ.

ಗ್ರಾನೋಲದ ಹಿನ್ನೆಲೆ

1863ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯರು ತೌಡು ತೆಗೆಯದ ಗೋಧಿಹಿಟ್ಟಿನ ಹಾಳೆಗಳನ್ನು ಬೇಯಿಸಿ, ಪುಡಿ ಮಾಡಿ, ಮತ್ತೆ ಬೇಯಿಸಿ ಒಂದು ತಿನಿಸನ್ನು ತಯಾರಿಸಿದರು. ಅದನ್ನು ‘ಗ್ರಾನ್ಯುಲ’ ಎಂದು ಕರೆದರು. ಕೆಲವು ವರ್ಷಗಳ ನಂತರ ಜಾನ್ ಹಾರ್ವೆ ಕೆಲಾಗ್ ಅಂಥದೇ ತಿನಿಸೊಂದನ್ನು ತಯಾರಿಸಿದರು. ಹೆಸರಿನ ತಕರಾರು ಬಂದಾಗ ಒಂದು ಅಕ್ಷರ ಬದಲಾಗಿ ಅದು ‘ಗ್ರಾನೋಲ’ ಆಯಿತು. ಓಟ್ಸ್, ಬೀಜಗಳು ಮತ್ತು ಜೇನು ಸೇರಿಸಿ ಹುರಿದ ಈಗಿನ ರೂಪ ಜನಪ್ರಿಯವಾದದ್ದು 1960-70ರ ದಶಕಗಳಲ್ಲಿ.

ಈ ತಿನಿಸಿನ ಬಿಡಿಭಾಗಗಳೆಲ್ಲ ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದಲೂ ಇವೆ. ಸಂಕ್ರಾಂತಿಯ ಎಳ್ಳು-ಬೆಲ್ಲವನ್ನೇ ನೋಡಿ: ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಎಳ್ಳು, ಕೊಬ್ಬರಿ, ಬೆಲ್ಲ. ಇದು ಪಾಕ ಹಾಕದ ಗ್ರಾನೋಲ. ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟು ಬೇಯಿಸದೆ ತಿನ್ನಬಹುದಾದ ಸಿದ್ಧ ಆಹಾರ. ಬೆಲ್ಲದ ಪಾಕದಲ್ಲಿ ಕಾಳುಗಳನ್ನು ಬಂಧಿಸುವ ಕಲೆ ಕಡಲೆಕಾಯಿ ಮಿಠಾಯಿಯಲ್ಲಿದೆ. ಈ ಮೂರನ್ನೂ ಒಂದುಗೂಡಿಸಿದರೆ ನಮಗೆ ಬೇಕಾದದ್ದು ದೊರೆಯುತ್ತದೆ.

ರಾಗಿ ಅರಳುವುದು ಹೇಗೆ?

ರಾಗಿ ಕಾಳು ಬಹಳ ಚಿಕ್ಕದು. ಸಾವಿರ ಕಾಳು ಸೇರಿದರೆ ಸುಮಾರು ಎರಡೂವರೆಯಿಂದ ಮೂರು ಗ್ರಾಂ. ಅದರ ಬೀಜಕವಚ ಒಳಗಿನ ಪಿಷ್ಟಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆದ್ದರಿಂದಲೇ ಅಕ್ಕಿಯಂತೆ ಇದನ್ನು ಸುಲಭವಾಗಿ ಪಾಲಿಷ್ ಮಾಡಲಾಗುವುದಿಲ್ಲ. ಕವಚವನ್ನೂ ಸೇರಿಸಿಯೇ ಬೀಸುತ್ತೇವೆ. ಸುಣ್ಣಾಂಶ ಮತ್ತು ನಾರು ಹೆಚ್ಚಾಗಿ ಈ ಕವಚದಲ್ಲೇ ಇರುವುದರಿಂದ ಇದು ಒಳ್ಳೆಯದೇ ಆಯಿತು.

ಕಾಳಿನೊಳಗೆ ಸ್ವಲ್ಪ ನೀರು ಸದಾ ಇರುತ್ತದೆ. ತುಂಬ ಕಾದ ಬಾಂಡ್ಲಿಗೆ ಕಾಳು ಬಿದ್ದೊಡನೆ ಈ ನೀರು ಆವಿಯಾಗತೊಡಗುತ್ತದೆ. ಬೀಜಕವಚ ಆವಿಯನ್ನು ಹೊರಗೆ ಬಿಡದೆ ಹಿಡಿದಿಡುವುದರಿಂದ ಒಳಗಿನ ಒತ್ತಡ ಏರುತ್ತದೆ. ಅದೇ ಹೊತ್ತಿಗೆ ಬಿಸಿ ಮತ್ತು ತೇವದಿಂದ ಪಿಷ್ಟ ಬೆಂದು ಮೆತ್ತಗಾಗುತ್ತದೆ. ಕವಚ ತಡೆಯಲಾರದೆ ಒಡೆದ ಕ್ಷಣದಲ್ಲಿ ಒತ್ತಡ ಥಟ್ಟನೆ ಇಳಿದು, ಆವಿ ಹಿಗ್ಗಿ, ಮೆತ್ತಗಿದ್ದ ಪಿಷ್ಟ ನೊರೆಯಂತೆ ಉಬ್ಬಿಬಿಡುತ್ತದೆ. ನೀರು ಹೊರಟುಹೋಗಿ ಪಿಷ್ಟ ತಣಿದಾಗ ಆ ನೊರೆ ಹಾಗೆಯೇ ಗಟ್ಟಿಯಾಗುತ್ತದೆ. ಅದೇ ಅರಳು. ಮೆಕ್ಕೆಜೋಳದ ಪಾಪ್‌ಕಾರ್ನ್‌ನಲ್ಲೂ ನಡೆಯುವುದು ಇದೇ. ಅಲ್ಲಿ ಸುಮಾರು 180° ಸೆ. ಉಷ್ಣತೆಯಲ್ಲಿ, ವಾಯುಮಂಡಲದ ಒತ್ತಡದ ಸುಮಾರು ಹತ್ತು ಪಟ್ಟು ಒತ್ತಡದಲ್ಲಿ ಕಾಳು ಸಿಡಿಯುತ್ತದೆ.

ಇದರಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕಾಳು ತೀರ ಒಣಗಿದ್ದರೆ ಆವಿ ಸಾಲದೆ ಅರಳುವುದಿಲ್ಲ. ತೀರ ಒದ್ದೆಯಾಗಿದ್ದರೆ ಕವಚ ಮೆತ್ತಗಾಗಿ ಆವಿ ಸೋರಿಹೋಗುತ್ತದೆ. ಎರಡನೆಯದು, ಬಾಂಡ್ಲಿ ಚೆನ್ನಾಗಿ ಕಾದಿರಬೇಕು. ನಿಧಾನವಾಗಿ ಕಾಯಿಸಿದರೆ ಒತ್ತಡ ಕೂಡಿಕೊಳ್ಳುವ ಮೊದಲೇ ನೀರು ಹೊರಟುಹೋಗಿ ಕಾಳು ಬರಿದೆ ಸೀಯುತ್ತದೆ. ಮೂರನೆಯದು, ಒಮ್ಮೆಗೆ ಒಂದೇ ಹಿಡಿ ಹಾಕಬೇಕು. ಹೆಚ್ಚು ಹಾಕಿದರೆ ಬಾಂಡ್ಲಿಯ ಉಷ್ಣತೆ ಕುಸಿಯುತ್ತದೆ. ಪುರಿ ಭಟ್ಟಿಗಳಲ್ಲಿ ಕಾದ ಮರಳನ್ನು ಬಳಸುವುದು ಇದಕ್ಕಾಗಿಯೇ. ಮರಳು ಕಾಳನ್ನು ಎಲ್ಲ ಕಡೆಯಿಂದ ಸುತ್ತುವರಿದು ಒಮ್ಮೆಲೇ ಶಾಖ ಕೊಡುತ್ತದೆ.

ನಮ್ಮ ಅಜ್ಜಿಯರು ಹುರಿಹಿಟ್ಟಿಗೆ ಮೊದಲು ರಾಗಿಯ ಮೇಲೆ ನೀರನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಇಡುತ್ತಿದ್ದುದು ತೇವವನ್ನು ಸರಿದೂಗಿಸಲು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1980ರ ದಶಕದ ಆರಂಭದಲ್ಲಿ ರಾಗಿಯ ಅರಳುವ ಗುಣವನ್ನು ಅಭ್ಯಾಸ ಮಾಡಿದರು. ತಳಿಯಿಂದ ತಳಿಗೆ ಈ ಗುಣ ಬದಲಾಗುತ್ತದೆ ಎಂಬುದು ಅದರಿಂದ ತಿಳಿಯಿತು. ಕಾಳಿನಲ್ಲಿ ಶೇಕಡ 18ರಿಂದ 20ರಷ್ಟು ತೇವವಿದ್ದರೆ ಚೆನ್ನಾಗಿ ಅರಳುತ್ತದೆ.

ಅರಳಿನ ಪಿಷ್ಟ ಆಗಲೇ ಬೆಂದಿರುವುದನ್ನು ಗಮನಿಸಿ. ಹುರಿಹಿಟ್ಟನ್ನು ಒಲೆಗೆ ಇಡದೆ ಹಾಲು ಅಥವಾ ಮಜ್ಜಿಗೆಯಲ್ಲಿ ಕಲಸಿ ತಿನ್ನಬಹುದಾದದ್ದೂ, ಗ್ರಾನೋಲಕ್ಕೆ ಓಟ್ಸ್‌ನ ಬದಲು ಅರಳು ಹೊಂದುವುದೂ ಈ ಕಾರಣದಿಂದಲೇ.

ಬೇಕಾಗುವ ಸಾಮಗ್ರಿ

ರಾಗಿ ಅರಳು 100 ಗ್ರಾಂ
ದಪ್ಪ ಅವಲಕ್ಕಿ 100 ಗ್ರಾಂ
ಕಡಲೆಕಾಯಿ ಬೀಜ 75 ಗ್ರಾಂ
ಹುರಿಗಡಲೆ 50 ಗ್ರಾಂ
ಎಳ್ಳು 25 ಗ್ರಾಂ
ಸಿಪ್ಪೆ ತೆಗೆದ ಸಿಹಿಗುಂಬಳದ ಬೀಜ 25 ಗ್ರಾಂ
ತೆಳುವಾಗಿ ಹೆಚ್ಚಿದ ಕೊಬ್ಬರಿ 25 ಗ್ರಾಂ
ಬೆಲ್ಲ 100 ಗ್ರಾಂ, ನೀರು 45 ಮಿ.ಲೀ. (ಮೂರು ದೊಡ್ಡ ಚಮಚ)
ತುಪ್ಪ ಅಥವಾ ಕಡಲೆಕಾಯಿ ಎಣ್ಣೆ 30 ಗ್ರಾಂ
ಉಪ್ಪು ಕಾಲು ಚಮಚ, ಏಲಕ್ಕಿ ಪುಡಿ ಸ್ವಲ್ಪ
ಒಣದ್ರಾಕ್ಷಿ 30 ಗ್ರಾಂ (ಕೊನೆಯಲ್ಲಿ, ಬೇರೆಯಾಗಿ)

ಇದರಿಂದ ಅರ್ಧ ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು ಗ್ರಾನೋಲ ಸಿಗುತ್ತದೆ. ಒಬ್ಬರಿಗೆ 45 ಗ್ರಾಂ, ಅಂದರೆ ಒಂದು ಸಣ್ಣ ಬಟ್ಟಲಿನಂತೆ ಹನ್ನೆರಡು ಜನಕ್ಕೆ ಸಾಕು. ಓಟ್ಸ್ ಇದ್ದವರು ಅವಲಕ್ಕಿಯ ಬದಲು ಹಾಕಬಹುದು. ಸಿಹಿಗುಂಬಳದ ಬೀಜ ಸಿಗದಿದ್ದರೆ ಕಡಲೆಕಾಯಿ ಬೀಜವನ್ನೇ ಹೆಚ್ಚಿಸಿ. ಬೆಲ್ಲ ಮತ್ತು ಜಿಡ್ಡಿನ ಪ್ರಮಾಣವನ್ನು ಮಾತ್ರ ಮೊದಲ ಸಲ ಬದಲಿಸಬೇಡಿ.

ಬೇರೆ ಬೇರೆ ಹುರಿಯಬೇಕು, ಏಕೆ?

ಅರಳನ್ನು ಜರಡಿ ಹಿಡಿದು ಅರಳದ ಕಾಳುಗಳನ್ನು ತೆಗೆದುಬಿಡಿ. ಅವು ಹಲ್ಲಿಗೆ ಕಲ್ಲಿನಂತೆ ಸಿಗುತ್ತವೆ. ಉಳಿದ ಪದಾರ್ಥಗಳನ್ನು ಸಣ್ಣ ಉರಿಯಲ್ಲಿ ಒಂದೊಂದಾಗಿ ಹುರಿಯಬೇಕು. ಒಂದೊಂದರ ಗಾತ್ರವೂ ತೇವವೂ ಬೇರೆ. ಎಳ್ಳು ಎರಡು ಮೂರು ನಿಮಿಷಗಳಲ್ಲಿ ಚಟಪಟ ಎನ್ನುತ್ತದೆ. ಅವಲಕ್ಕಿ ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಾಗಲು ಆರೆಂಟು ನಿಮಿಷ ಬೇಕು. ಕಡಲೆಕಾಯಿ ಬೀಜಕ್ಕೆ ಹತ್ತು ಹನ್ನೆರಡು ನಿಮಿಷ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಕಡಲೆಕಾಯಿ ಬೀಜ ಹಸಿಯಾಗಿರುವಾಗಲೇ ಎಳ್ಳು ಕರಕಲಾಗಿರುತ್ತದೆ. ಹುರಿಗಡಲೆ ಆಗಲೇ ಹುರಿದದ್ದಾದ್ದರಿಂದ ಬೆಚ್ಚಗೆ ಮಾಡಿದರೆ ಸಾಕು. ಕಡಲೆಕಾಯಿ ಬೀಜದ ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ, ಒಂದೊಂದನ್ನು ಎರಡು ಹೋಳು ಮಾಡಿಟ್ಟುಕೊಳ್ಳಿ.

ಹುರಿದಾಗ ಬರುವ ಬಣ್ಣ ಮತ್ತು ಘಮಲಿಗೆ ಕಾರಣ ಮೈಯಾರ್ ಕ್ರಿಯೆ. ಫ್ರಾನ್ಸಿನ ಲೂಯಿ ಕಮಿಯ್ ಮೈಯಾರ್ ಇದನ್ನು 1912ರಲ್ಲಿ ವಿವರಿಸಿದರು. ಅಮೈನೋ ಆಮ್ಲಗಳು ಮತ್ತು ಗ್ಲೂಕೋಸ್‌ನಂಥ ಶರ್ಕರಗಳು ಬಿಸಿಯಲ್ಲಿ ಸೇರಿ ನೂರಾರು ಸುವಾಸನೆಯ ಸಂಯುಕ್ತಗಳನ್ನೂ ಕಂದು ವರ್ಣದ್ರವ್ಯಗಳನ್ನೂ ಉಂಟುಮಾಡುತ್ತವೆ. ನೀರಿನಲ್ಲಿ ಬೇಯಿಸಿದ ಕಡಲೆಕಾಯಿಗೆ ಹುರಿದದ್ದರ ಘಮ ಏಕಿಲ್ಲ? ನೀರಿರುವ ತನಕ ಉಷ್ಣತೆ ಕುದಿಬಿಂದುವನ್ನು ದಾಟದು. ಈ ಕ್ರಿಯೆ ಚುರುಕಾಗಲು ಅದಕ್ಕಿಂತ ಹೆಚ್ಚು ಬಿಸಿ ಬೇಕು.

ಹೊಂಬಣ್ಣ ಬಂದೊಡನೆ ನಿಲ್ಲಿಸಬೇಕು. ಪಿಷ್ಟವಿರುವ ಪದಾರ್ಥಗಳನ್ನು 120° ಸೆ.ಗಿಂತ ಹೆಚ್ಚು ಕಾಯಿಸಿದಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಉಂಟಾಗುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಬಣ್ಣ ಕಪ್ಪಾದಷ್ಟೂ ಇದು ಹೆಚ್ಚು.

ಕಡಲೆಕಾಯಿ ಬೀಜವನ್ನು ಆರಿಸುವುದು ಬಹಳ ಮುಖ್ಯ. ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಬೀಜಗಳಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಿರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಸಾವಿರಾರು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. ಈ ವಿಷ ಯಕೃತ್ತಿಗೆ ಹಾನಿಕರ. ಹುರಿದರೆ ಶಿಲೀಂಧ್ರ ಸಾಯುತ್ತದೆ, ಆದರೆ ವಿಷ ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಸಂಶಯ ಬಂದ ಬೀಜವನ್ನು ‘ಹುರಿದರೆ ಸರಿಹೋಗುತ್ತದೆ’ ಎಂದು ಬಳಸಬಾರದು, ಎಸೆಯಬೇಕು.

ಪಾಕದ ಹದ ಮತ್ತು ತಕ್ಕಡಿ

ಬೆಲ್ಲಕ್ಕೆ ನೀರು ಹಾಕಿ ಕರಗಿಸಿ, ಸೋಸಿ ಕಲ್ಲು-ಕಸ ತೆಗೆದು ಮತ್ತೆ ಒಲೆಗೆ ಇಡಿ. ಕುದಿಯುತ್ತ ಹೋದಂತೆ ನೀರು ಆವಿಯಾಗಿ ಶರ್ಕರದ ಸಾಂದ್ರತೆ ಏರುತ್ತದೆ. ಸಾಂದ್ರತೆ ಏರಿದಂತೆ ಕುದಿಬಿಂದುವೂ ಏರುತ್ತದೆ. ದ್ರಾವಣಗಳ ಕುದಿಬಿಂದು ಶುದ್ಧ ದ್ರಾವಕದ ಕುದಿಬಿಂದುವಿಗಿಂತ ಹೆಚ್ಚು ಎಂಬ ಪಿ.ಯು.ಸಿ. ಪಾಠ ಇಲ್ಲಿ ಕಣ್ಣಿಗೆ ಕಾಣುತ್ತದೆ. ಸಮುದ್ರಮಟ್ಟದಲ್ಲಿ ಶೇಕಡ 80ರ ಸಕ್ಕರೆ ಪಾಕ ಸುಮಾರು 112° ಸೆ.ನಲ್ಲಿ ಕುದಿಯುತ್ತದೆ. ನೀರಿಗೆ ಒಂದು ತೊಟ್ಟು ಬಿಟ್ಟರೆ ಮೆತ್ತನೆಯ ಉಂಡೆಯಾಗುವ ಹದ ಅದು. 146° ಸೆ. ದಾಟಿದಾಗ ನೀರು ಶೇಕಡ ಒಂದೆರಡಕ್ಕೆ ಇಳಿದಿರುತ್ತದೆ. ಆಗ ನೀರಿಗೆ ಬಿಟ್ಟ ತೊಟ್ಟು ‘ಟಣ್’ ಎಂದು ಮುರಿಯುತ್ತದೆ. ಅದು ಕಡಲೆಕಾಯಿ ಮಿಠಾಯಿಯ ಹದ.

ಕೋಲಾರದ ಕಡೆಯವರು ಇಲ್ಲೊಂದು ತಿದ್ದುಪಡಿ ಮಾಡಿಕೊಳ್ಳಬೇಕು. ಈ ಪ್ರದೇಶ ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಸುಮಾರು 97° ಸೆ.ನಲ್ಲೇ ಕುದಿಯುತ್ತದೆ. ಆದ್ದರಿಂದ ಪುಸ್ತಕದಲ್ಲಿ ಕೊಟ್ಟಿರುವ ಪಾಕದ ಉಷ್ಣತೆಗಳಿಂದ ಸುಮಾರು ಮೂರು ಡಿಗ್ರಿ ಕಳೆಯಬೇಕು. ಮೊದಲು ಬರಿಯ ನೀರನ್ನು ಕುದಿಸಿ ಉಷ್ಣತಾಮಾಪಕ ಎಷ್ಟು ತೋರಿಸುತ್ತದೆಂದು ನೋಡಿಕೊಂಡರೆ ನಿಮ್ಮೂರಿನ ತಿದ್ದುಪಡಿ ನಿಮಗೇ ತಿಳಿಯುತ್ತದೆ.

ಅಷ್ಟು ಉಷ್ಣತೆ ಅಳೆಯುವ ಮಾಪಕವಿಲ್ಲದಿದ್ದರೆ ತಕ್ಕಡಿ ಸಾಕು. 100 ಗ್ರಾಂ ಬೆಲ್ಲದಲ್ಲಿ ಸುಮಾರು 5 ಗ್ರಾಂ ತೇವವಿದೆ ಎಂದುಕೊಳ್ಳೋಣ. ಉಳಿದ 95 ಗ್ರಾಂ ಕರಗಿದ ಘನವಸ್ತು. 45 ಗ್ರಾಂ ನೀರು ಸೇರಿದಾಗ ಒಟ್ಟು 145 ಗ್ರಾಂ, ಸಾಂದ್ರತೆ ಸುಮಾರು ಶೇಕಡ 65. ಶೇಕಡ 82ರ ಹದ ಬೇಕಾದರೆ ಒಟ್ಟು ತೂಕ 95 ÷ 0.82, ಅಂದರೆ ಸುಮಾರು 116 ಗ್ರಾಂಗೆ ಇಳಿಯಬೇಕು. ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡು ನಡುನಡುವೆ ತೂಗಿದರೆ ಹದ ತಪ್ಪುವುದಿಲ್ಲ. ಕಳೆದುಹೋದ 29 ಗ್ರಾಂ ಪೂರ್ತಿ ನೀರಾವಿ. ತೂಕದ ಲೆಕ್ಕವನ್ನೂ ಹಿರಿಯರ ‘ಉಂಡೆ ಪಾಕ’ದ ಪರೀಕ್ಷೆಯನ್ನೂ ಹೋಲಿಸಿ ನೋಡಿ, ಎರಡೂ ಹತ್ತಿರ ಹತ್ತಿರ ಬರುತ್ತವೆ.

ಕಲಸುವುದು, ಒಣಗಿಸುವುದು, ತಣಿಸುವುದು

ಪಾಕ ಹದಕ್ಕೆ ಬಂದಾಗ ತುಪ್ಪ, ಉಪ್ಪು, ಏಲಕ್ಕಿ ಸೇರಿಸಿ. ಹುರಿದಿಟ್ಟ ಸಾಮಗ್ರಿಯನ್ನೆಲ್ಲ ಹಾಕಿ ಬೇಗ ಬೇಗ ಕಲಸಿ. ತುಪ್ಪ ಎರಡು ಕೆಲಸ ಮಾಡುತ್ತದೆ: ಪಾಕ ಎಲ್ಲ ಕಡೆ ತೆಳುವಾಗಿ ಹರಡಲು ನೆರವಾಗುತ್ತದೆ, ಒಂದಕ್ಕೊಂದು ಅಂಟಿ ಬಂಡೆಯಂತಾಗುವುದನ್ನು ತಡೆಯುತ್ತದೆ. ನಂತರ ಬಾಂಡ್ಲಿಯನ್ನು ಅತಿ ಸಣ್ಣ ಉರಿಯಲ್ಲಿಟ್ಟು ಎಂಟು ಹತ್ತು ನಿಮಿಷ ಕೈಯಾಡಿಸುತ್ತಿರಬೇಕು. ಓವನ್ ಇದ್ದವರು ಅಗಲ ತಟ್ಟೆಯಲ್ಲಿ ಹರಡಿ 150° ಸೆ.ನಲ್ಲಿ ಇಪ್ಪತ್ತು ನಿಮಿಷ ಇಡಬಹುದು, ನಡುವೆ ಒಮ್ಮೆ ಕೆದಕಬೇಕು.

ಒಲೆಯಿಂದ ಇಳಿಸಿದಾಗ ಇದು ಇನ್ನೂ ಮೆತ್ತಗಿರುತ್ತದೆ. ‘ಗರಿಗರಿಯಾಗಿಲ್ಲ’ ಎಂದು ಇನ್ನಷ್ಟು ಹುರಿದರೆ ಕೆಟ್ಟಿತು! ಕಾದ ಪಾಕ ದಪ್ಪ ದ್ರವ. ಅದರಲ್ಲಿ ನೀರು ಬಹಳ ಕಡಿಮೆಯಿದ್ದರೆ ತಣಿದಾಗ ಅದು ಗಾಜಿನಂಥ ಘನಸ್ಥಿತಿಗೆ ಹೋಗುತ್ತದೆ. ಕಿಟಕಿಯ ಗಾಜಿನಂತೆ ಇಲ್ಲೂ ಅಣುಗಳು ಸ್ಫಟಿಕದ ಕ್ರಮದಲ್ಲಿ ಜೋಡಣೆಗೊಂಡಿರುವುದಿಲ್ಲ, ಇದ್ದಲ್ಲೇ ಸ್ಥಿರಗೊಂಡಿರುತ್ತವೆ. ಹಲ್ಲಿಗೆ ಸಿಕ್ಕಾಗ ‘ಕರುಂ’ ಎನ್ನುವುದು ಈ ಗಾಜು ಒಡೆಯುವ ಸದ್ದು. ನೀರು ಉಳಿದಿದ್ದರೆ ಅದು ಅಣುಗಳ ನಡುವೆ ಸೇರಿ ಜಾರಲು ಎಡೆ ಮಾಡಿಕೊಡುತ್ತದೆ. ಎಷ್ಟು ತಣಿದರೂ ಅಂಟಂಟಾಗಿಯೇ ಇರುತ್ತದೆ. ಹೀಗಾಗಿ ಗರಿಗರಿ ಬಂದಿದೆಯೇ ಎಂದು ತಿಳಿಯಲು ಅರ್ಧ ಚಮಚವನ್ನು ತಟ್ಟೆಯಲ್ಲಿ ತಣಿಸಿ ಕಚ್ಚಿ ನೋಡಬೇಕು. ಅಂಟಾಗಿದ್ದರೆ ಮಾತ್ರ ಇನ್ನೆರಡು ನಿಮಿಷ ಬಿಸಿ.

ತುಪ್ಪ ಸವರಿದ ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ತಣಿಯಲು ಬಿಡಿ. ಬಿಸಿಯಿರುವಾಗಲೇ ಡಬ್ಬಕ್ಕೆ ತುಂಬಿದರೆ ಆವಿ ಮುಚ್ಚಳದಲ್ಲಿ ಹನಿಗಟ್ಟಿ ಕೆಳಗಿಳಿದು ಎಲ್ಲ ಶ್ರಮವೂ ವ್ಯರ್ಥ.

ಒಣಹಣ್ಣು ಬೇರೆ ಡಬ್ಬಕ್ಕೆ

ಆಹಾರದಲ್ಲಿ ಎಷ್ಟು ನೀರಿದೆ ಎನ್ನುವುದಕ್ಕಿಂತ ಆ ನೀರು ಎಷ್ಟು ಬಿಡುವಾಗಿದೆ ಎನ್ನುವುದು ಮುಖ್ಯ. ಇದನ್ನು ನೀರಿನ ಸಕ್ರಿಯತೆ ಎನ್ನುತ್ತಾರೆ. ಶುದ್ಧ ನೀರಿಗೆ ಇದರ ಬೆಲೆ 1. ಇದು 0.6ಕ್ಕಿಂತ ಕಡಿಮೆಯಿರುವ ಆಹಾರದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಯಾವುದೂ ಬೆಳೆಯಲಾರವು. ಆದರೆ ಗರಿಗರಿಗುಣ ಅದಕ್ಕೂ ಬಹಳ ಮೊದಲೇ, ಸುಮಾರು 0.4-0.5ರ ಹೊತ್ತಿಗೇ ಕಳೆದುಹೋಗುತ್ತದೆ. ಅಂದರೆ ಮೆತ್ತಗಾದ ಗ್ರಾನೋಲ ಕೆಟ್ಟಿದೆ ಎಂದರ್ಥವಲ್ಲ, ಕೆಡುವ ದಾರಿಯಲ್ಲಿದೆ ಎಂದು ಎಚ್ಚರಿಸುತ್ತಿದೆ.

ನೀರು ಸಕ್ರಿಯತೆ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಸಾಗುತ್ತದೆ. ಒಣದ್ರಾಕ್ಷಿ ನಮಗೆ ಒಣಗಿದಂತೆ ಕಂಡರೂ ಗ್ರಾನೋಲಕ್ಕೆ ಹೋಲಿಸಿದರೆ ಒದ್ದೆಯೇ. ಎರಡನ್ನೂ ಒಂದೇ ಡಬ್ಬದಲ್ಲಿಟ್ಟರೆ ಕೆಲವೇ ದಿನಗಳಲ್ಲಿ ದ್ರಾಕ್ಷಿ ಕಲ್ಲಾಗುತ್ತದೆ, ಗ್ರಾನೋಲ ಮೆತ್ತಗಾಗುತ್ತದೆ. ಆದ್ದರಿಂದ ಹಣ್ಣನ್ನು ಬೇರೆಯಾಗಿಟ್ಟು, ಬಡಿಸುವಾಗ ಸೇರಿಸಬೇಕು.

ಒಣದ್ರಾಕ್ಷಿಯೇ ಆಗಬೇಕೆಂದೂ ಇಲ್ಲ. ಶ್ರೀನಿವಾಸಪುರದ ಕಡೆ ಮಾವಿನ ಹಂಗಾಮು ಕೆಲವೇ ವಾರಗಳದು. ಇಳುವರಿ ಹೆಚ್ಚಾದ ವರ್ಷ ಬೆಲೆ ಕುಸಿಯುತ್ತದೆ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿದಾಗ ಅಲ್ಲಿನ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಹಣ್ಣು ಬೇಗ ಕೊಳೆಯುವುದು ಅದರಲ್ಲಿರುವ ನೀರಿನಿಂದ. ಹಣ್ಣಿನ ರಸವನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಸೊಳ್ಳೆಪರದೆ ಮುಚ್ಚಿ ಪದರ ಪದರವಾಗಿ ಬಿಸಿಲಿನಲ್ಲಿ ಒಣಗಿಸಿದ ಮಾಂಬಳ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಸಣ್ಣಗೆ ಕತ್ತರಿಸಿ ಗ್ರಾನೋಲದ ಮೇಲೆ ಉದುರಿಸಿಕೊಂಡರೆ ಹುಳಿ-ಸಿಹಿ ರುಚಿ ಚೆನ್ನಾಗಿ ಹೊಂದುತ್ತದೆ. ಮಾವಿನ ಬೆಲೆಯ ಸಮಸ್ಯೆ ಒಂದು ಮನೆಯ ಮಾಂಬಳದಿಂದ ಬಗೆಹರಿಯುವುದಿಲ್ಲ, ನಿಜ. ಆದರೆ ನೀರು ತೆಗೆಯುವುದೆಂದರೆ ಕಾಲವನ್ನು ಗಳಿಸುವುದು ಎಂಬ ತತ್ತ್ವ ಮನೆಗೂ ಮಹಿಳಾ ಸಂಘದ ಸಣ್ಣ ಘಟಕಕ್ಕೂ ಒಂದೇ.

ಎಷ್ಟು ದಿನ ಇಡಬಹುದು?

ಇದೇ ತತ್ತ್ವವನ್ನು ನಮ್ಮ ರೈತರು ಹಗೇವುಗಳಲ್ಲಿ ಬಳಸಿದ್ದರು. ಚೆನ್ನಾಗಿ ಒಣಗಿದ ರಾಗಿ ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಗ್ರಾನೋಲಕ್ಕೆ ಅಷ್ಟು ಆಯುಸ್ಸಿಲ್ಲ, ಏಕೆಂದರೆ ಅದರಲ್ಲಿ ಎಣ್ಣೆಯಂಶವಿದೆ. ಕಡಲೆಕಾಯಿ ಬೀಜ, ಎಳ್ಳುಗಳ ಅಪರ್ಯಾಪ್ತ ಕೊಬ್ಬು ಗಾಳಿಯ ಆಕ್ಸಿಜನ್‌ನೊಂದಿಗೆ ವರ್ತಿಸಿ ಕಮಟು ವಾಸನೆ ಬರುತ್ತದೆ. ಬೆಳಕು ಮತ್ತು ಬಿಸಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಬಿಗಿ ಮುಚ್ಚಳದ ಡಬ್ಬದಲ್ಲಿ, ಒಲೆಯಿಂದ ದೂರ, ತಂಪಾದ ಕತ್ತಲ ಜಾಗದಲ್ಲಿಟ್ಟರೆ ಮೂರು ನಾಲ್ಕು ವಾರ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಬೆಲ್ಲ ಬೆವರುವುದನ್ನು ನೋಡಿದ್ದೀರಲ್ಲ? ಅದರಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್‌ಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಆಗ ಸಣ್ಣ ಡಬ್ಬಗಳಲ್ಲಿ ತುಂಬಿಟ್ಟು ಒಂದೊಂದನ್ನೇ ತೆರೆಯುವುದು ಒಳ್ಳೆಯದು. ಒದ್ದೆ ಚಮಚ ಸಲ್ಲದು.

ಪೋಷಕಾಂಶಗಳ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇದು ಹತ್ತು ಮಿ.ಗ್ರಾಂ ಆಸುಪಾಸು. ಮೇಲಿನ ಸಾಮಗ್ರಿಯನ್ನೆಲ್ಲ ಕೂಡಿ ಹನ್ನೆರಡು ಪಾಲು ಮಾಡಿದರೆ ಒಂದು ಪಾಲಿಗೆ ಸುಮಾರು 200 ಕಿಲೋಕ್ಯಾಲೊರಿ, 4ರಿಂದ 5 ಗ್ರಾಂ ಪ್ರೋಟೀನ್, ಸುಮಾರು 70 ಮಿ.ಗ್ರಾಂ ಕ್ಯಾಲ್ಸಿಯಂ ಬರುತ್ತದೆ. ಇದರಲ್ಲಿ 25 ಗ್ರಾಂ ಎಳ್ಳಿನ ಕೊಡುಗೆ 100 ಗ್ರಾಂ ರಾಗಿಯ ಕೊಡುಗೆಗೆ ಹೆಚ್ಚುಕಡಿಮೆ ಸಮ ಎಂಬುದು ಸ್ವಾರಸ್ಯದ ಸಂಗತಿ. ಆದರೆ ಎಳ್ಳಿನ ಸಿಪ್ಪೆಯ ಆಕ್ಸಲೇಟ್, ರಾಗಿಯ ಫೈಟೇಟ್ ಇವು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೋಷ್ಟಕದಲ್ಲಿರುವಷ್ಟೂ ದೇಹಕ್ಕೆ ದಕ್ಕುವುದಿಲ್ಲ.

ಜೊತೆಗೆ 150 ಮಿ.ಲೀ. ಹಾಲು ಸೇರಿದರೆ ಕ್ಯಾಲ್ಸಿಯಂ ಒಟ್ಟು 250 ಮಿ.ಗ್ರಾಂ ಆಗುತ್ತದೆ. 13ರಿಂದ 15 ವರ್ಷದ ಮಕ್ಕಳಿಗೆ ದಿನಕ್ಕೆ ಬೇಕಾದ 1000 ಮಿ.ಗ್ರಾಂನಲ್ಲಿ ಇದು ಕಾಲು ಭಾಗ. ಹಾಲು-ರಾಗಿಗಳ ಜೋಡಿ ಏಕೆ ಒಳ್ಳೆಯದೆಂದು ಇದರಿಂದ ತಿಳಿಯುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಆರಂಭವಾದದ್ದೂ ಇದೇ ಜೋಡಿಯನ್ನು ನಂಬಿ.

ಕಬ್ಬಿಣಾಂಶ ಹೀರಿಕೆಯಾಗಲು ಸಿ ಜೀವಸತ್ವ ನೆರವಾಗುತ್ತದೆ. ಗ್ರಾನೋಲದ ಜೊತೆ ಒಂದು ಸೀಬೆಹಣ್ಣು ತಿಂದರೆ ಆಯಿತು. ತಿಂದೊಡನೆ ಟೀ ಕುಡಿದರೆ ಅದರ ಟ್ಯಾನಿನ್ ಈ ಹೀರಿಕೆಯನ್ನು ತಡೆಯುತ್ತದೆ.

ಒಂದು ಎಚ್ಚರಿಕೆಯೂ ಬೇಕು. ಒಂದು ಪಾಲಿನಲ್ಲಿ ಎಂಟು ಗ್ರಾಂನಷ್ಟು ಬೆಲ್ಲವಿದೆ. ಬೆಲ್ಲವೂ ಸಕ್ಕರೆಯೇ. ‘ಮನೆಯದು, ಸಿರಿಧಾನ್ಯದ್ದು’ ಎಂದು ಮೂರು ಬಟ್ಟಲು ತಿಂದರೆ ಆರುನೂರು ಕಿಲೋಕ್ಯಾಲೊರಿ ಆಯಿತು. ಮಧುಮೇಹವಿರುವವರು ಬೆಲ್ಲ ಹಾಕಿದ ಯಾವುದನ್ನೂ ಲೆಕ್ಕವಿಟ್ಟೇ ತಿನ್ನಬೇಕು. ಕಡಲೆಕಾಯಿ, ಎಳ್ಳುಗಳ ಅಲರ್ಜಿ ಇರುವ ಮಕ್ಕಳಿಗೆ ಇದು ಸಲ್ಲದು. ಚಿಕ್ಕ ಮಕ್ಕಳಿಗೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಪುಡಿ ಮಾಡಿ ಹಾಲಿನಲ್ಲಿ ಕಲಸಿಯೇ ಕೊಡಬೇಕು.

ತರಗತಿಗೆ ಮೂರು ಪ್ರಯೋಗಗಳು

1. ತೇವ ಮತ್ತು ಅರಳು: 50 ಗ್ರಾಂ ರಾಗಿಯ ನಾಲ್ಕು ಪಾಲು ಮಾಡಿ. ಒಂದಕ್ಕೆ ನೀರು ಬೇಡ. ಉಳಿದವುಗಳಿಗೆ 2, 4, 6 ಮಿ.ಲೀ. ನೀರು ಬೆರೆಸಿ, ಮುಚ್ಚಿದ ಡಬ್ಬಗಳಲ್ಲಿ ರಾತ್ರಿಯಿಡೀ ಇಡಿ. ಮೂಲ ರಾಗಿಯಲ್ಲಿ ಶೇಕಡ 12 ತೇವವಿದೆ ಎಂದಿಟ್ಟುಕೊಂಡರೆ ಈಗ ಅವುಗಳ ತೇವ ಕ್ರಮವಾಗಿ ಶೇಕಡ 12, 15.4, 18.5, 21.4. ಪ್ರತಿಯೊಂದನ್ನೂ ಒಂದೇ ಉರಿಯಲ್ಲಿ ಅರಳಿಸಿ, ಅಳತೆಯ ಜಾಡಿಯಲ್ಲಿ ಗಾತ್ರ ಅಳೆದು ನಕ್ಷೆ ಬರೆಯಿರಿ. ನಕ್ಷೆಯ ಶಿಖರ ಎಲ್ಲಿ ಬರುತ್ತದೆ? ನಿಮ್ಮೂರಿನ ಬೇರೆ ಬೇರೆ ತಳಿಗಳಲ್ಲಿ ಅದು ಬದಲಾಗುತ್ತದೆಯೇ? ಅರಳಿಸುವ ಕೆಲಸ ಮಾತ್ರ ಶಿಕ್ಷಕರದೇ ಆಗಿರಲಿ, ಕಾಳು ಸಿಡಿಯುತ್ತದೆ.

2. ಕಳೆದುಹೋದ ನೀರು: ಅವಲಕ್ಕಿ, ಕಡಲೆಕಾಯಿ ಬೀಜ, ಎಳ್ಳುಗಳನ್ನು ಹುರಿಯುವ ಮೊದಲು ಮತ್ತು ತಣಿದ ಮೇಲೆ ತೂಗಿ. ಶೇಕಡ ಎಷ್ಟು ತೂಕ ಇಳಿಯಿತು ಎಂದು ಲೆಕ್ಕ ಹಾಕಿ.

3. ಮರಳಿ ಬಂದ ನೀರು: 20 ಗ್ರಾಂ ಗ್ರಾನೋಲವನ್ನು ತೆರೆದ ತಟ್ಟೆಯಲ್ಲೂ ಇನ್ನು 20 ಗ್ರಾಂ ಅನ್ನು ಬಿಗಿ ಡಬ್ಬದಲ್ಲೂ ಇಡಿ. ಗಂಟೆಗೊಮ್ಮೆ ತೂಗಿ, ಕಚ್ಚಿ ನೋಡಿ. ಎಷ್ಟು ತೂಕ ಏರಿದಾಗ ‘ಕರುಂ’ ಸದ್ದು ನಿಲ್ಲುತ್ತದೆ? ಇದನ್ನು ಮಾರ್ಚ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಮಾಡಿದರೆ ಗಾಳಿಯ ಆರ್ದ್ರತೆಯ ಪಾಠ ಬೇರೆ ಹೇಳಬೇಕಾಗಿಲ್ಲ.

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ವರ್ಷಾಚರಣೆಗಳು ಬಂದು ಹೋಗುತ್ತವೆ. ಬೆಳೆ ಹೊಲದಲ್ಲಿ ಉಳಿಯಬೇಕಾದರೆ ಅದು ಮನೆಯ ತಟ್ಟೆಯಲ್ಲೂ ಉಳಿಯಬೇಕು. ಎರಡು ಕೊನೆಯ ಲೆಕ್ಕಗಳನ್ನು ವಿದ್ಯಾರ್ಥಿಗಳಿಗೇ ಬಿಡೋಣ. ನಿಮ್ಮ ಊರಿನ ಸಂತೆಯ ಬೆಲೆಗಳನ್ನು ಹಾಕಿ ಈ ಗ್ರಾನೋಲದ ಒಂದು ಪಾಲಿಗೆ ಎಷ್ಟು ಖರ್ಚಾಗುತ್ತದೆಂದು ನೋಡಿ. ಅಷ್ಟೇ ಹಣಕ್ಕೆ ಸಿಗುವ ಬಿಸ್ಕತ್ತಿನ ಪೊಟ್ಟಣದ ಮೇಲಿರುವ ಪ್ರೋಟೀನ್, ಸಕ್ಕರೆಯ ಅಂಕಿಗಳನ್ನು ಪಕ್ಕದಲ್ಲಿ ಬರೆಯಿರಿ. ಬೆಳಗಿನ ತಿಂಡಿ ಯಾವುದಾಗಬೇಕೆಂದು ಮನೆಯಲ್ಲಿ ಮಾತಾಡಲು ಆ ಒಂದು ಪುಟ ಸಾಕು.